ಡಿಗ್ರಿ ಯಜಮಾನರು

ತುಮಕೂರಿನ ಪ್ರತಿ ಬಡಾವಣೆಯಲ್ಲೂ ಇಂಥವರೊಬ್ಬರು ಸಿಗುತ್ತಾರೆ. ಕಾರಿನ ಸಾಲ ತೀರಿರುತ್ತದೆ, ಸರ್ವೀಸು ಒಂದೂ ತಪ್ಪಿರುವುದಿಲ್ಲ, ಟೈರಿಗೆ ಗಾಳಿ ವಾರವಾರ ಹಿಡಿಸುತ್ತಾರೆ. ಆದರೂ ಕಾರು ತಮ್ಮಿಂದ ಏನನ್ನೋ ಮುಚ್ಚಿಡುತ್ತಿದೆ ಎಂಬ ಗುಮಾನಿ ಮಾತ್ರ ಹೋಗುವುದಿಲ್ಲ. ನಮ್ಮ ಬೀದಿಯವರಿಗೆ ಈ ಗುಮಾನಿ ಇಂಜಿನ್ನಿನ ಬಿಸಿಯ ಮೇಲೆ. ಅಪ್ಪ ಅಮ್ಮ ಇಟ್ಟ ಹೆಸರು ಈಗ ರೇಷನ್ ಕಾರ್ಡಿನಲ್ಲಿದೆ, ಅಷ್ಟೆ. ಡಿಗ್ರಿ ಯಜಮಾನರು ಎಂದರೆ ಬಟವಾಡಿಯಲ್ಲಿ ಕೇಳಿದರೂ ಮನೆ ತೋರಿಸುತ್ತಾರೆ.

ಗುಮಾನಿಗೆ ಕಾರಣ ಇಲ್ಲದಿಲ್ಲ. ಅವರ ಹಳೆಯ ಮಾರುತಿ 800ರಲ್ಲಿ 'ಸಿ'ಯಿಂದ 'ಎಚ್'ವರೆಗೆ ಓಡಾಡುವ ಒಂದು ಮುಳ್ಳಿತ್ತು. ಹೊಸ ಕಾರಿನಲ್ಲಿ ಮುಳ್ಳೇ ಇಲ್ಲ, ಎರಡು ದೀಪ. ಇಂಜಿನ್ ತಣ್ಣಗಿದ್ದರೆ ನೀಲಿ, ಮಿತಿ ಮೀರಿ ಕಾದರೆ ಕೆಂಪು.

"ಮಗನ ಯೋಗಕ್ಷೇಮ ವಿಚಾರಿಸಿದ್ರೆ, ಹುಟ್ಟಿದಾಗ ಹೇಳ್ತೀವಿ, ಸತ್ತಾಗ ಹೇಳ್ತೀವಿ ಅಂದಂಗಾಯ್ತು ಕಣ್ರೀ. ನಡುವಿನ ಸಮಾಚಾರ ಯಾರು ಹೇಳ್ಬೇಕು?" ಎಂದು ಅವರು ಕೇಳಿದಾಗ ನಮ್ಮಲ್ಲಿ ಯಾರಿಗೂ ಉತ್ತರ ಹೊಳೆಯಲಿಲ್ಲ.

ಮುಳ್ಳಿರುವ ಕಾರುಗಳೂ ಸಾಚಾ ಅಲ್ಲ ಎಂಬುದು ಆಮೇಲೆ ಗೊತ್ತಾಯಿತು. ಈಗಿನ ಎಷ್ಟೋ ಕಾರುಗಳಲ್ಲಿ ಬಿಸಿ ಸುಮಾರು 75 ಡಿಗ್ರಿ ಇದ್ದರೂ 105 ಇದ್ದರೂ ಮುಳ್ಳು ಮಧ್ಯದಲ್ಲೇ ನಿಲ್ಲುವಂತೆ ಕಂಪನಿಯವರೇ ಏರ್ಪಾಟು ಮಾಡಿರುತ್ತಾರೆ. ಅದು ಏರಿಳಿಯುವುದನ್ನು ಕಂಡರೆ ಗಿರಾಕಿಗಳು ಗಾಬರಿಯಾಗಿ ಸರ್ವೀಸ್ ಸೆಂಟರಿಗೆ ಓಡಿಬರುತ್ತಾರಲ್ಲ! "ಮುಳ್ಳಿದ್ರೂ ಸುಳ್ಳೇ" ಎಂದು ಯಜಮಾನರು ನಿಟ್ಟುಸಿರಿಟ್ಟರು. ಅಂಥ ಗಾಬರಿಗೆಂದೇ ಹುಟ್ಟಿದ ಗಿರಾಕಿ ಈ ಬೀದಿಯಲ್ಲಿದ್ದಾರೆಂದು ಕಂಪನಿಗೆ ಹೇಗೆ ಗೊತ್ತಾಯಿತೋ.

ಅಂಕಿಯನ್ನೇ ತೋರಿಸುವ ಮೀಟರನ್ನು ಹೊರಗಿನಿಂದ ತಂದು ಹಾಕಿಸುವುದೆಂದು ತೀರ್ಮಾನವಾಯಿತು. ಅಲ್ಲಿಂದ ಮುಂದೆ ಯಾರ ಮನೆಯ ನಾಮಕರಣಕ್ಕೆ ಹೋದರೂ ಮಾತು ಅಲ್ಲಿಗೇ ಬರುತ್ತಿತ್ತು. ಅಮೆರಿಕದ ಬಾಯ್ಸ್ ಎಂಬಾತ 1912ರಲ್ಲೇ ಇದಕ್ಕೆ ಪೇಟೆಂಟ್ ಪಡೆದಿದ್ದ, ರೇಡಿಯೇಟರಿನ ಮುಚ್ಚಳದ ಮೇಲೇ ಥರ್ಮಾಮೀಟರು ಕೂರಿಸಿದ್ದ, ಡ್ರೈವರು ಕೂತಲ್ಲಿಂದಲೇ ಗಾಜಿನೊಳಗಿನ ಕೆಂಪು ಗೆರೆ ನೋಡುತ್ತಿದ್ದ ಎಂದೆಲ್ಲ ವರ್ಣಿಸಿ, "ನೂರು ವರ್ಷದ ಹಿಂದೆ ಇದ್ದಿದ್ದು ನನ್ನ ಕಾರಲ್ಲಿಲ್ಲ" ಎಂದು ಪಾಯಸದ ಲೋಟ ಕೆಳಗಿಡುತ್ತಿದ್ದರು.

ಮೀಟರು ಬಂತು. ಐವತ್ತೆರಡು ಮಿಲಿಮೀಟರಿನ ದುಂಡು ಮುಖ, ಜೊತೆಗೆ ಹಿತ್ತಾಳೆಯ ಸೆನ್ಸಾರು, ಪೈಪಿನ ನಡುವೆ ಸೇರಿಸುವ ಅಲ್ಯೂಮಿನಿಯಂ ಜಾಯಿಂಟು. ಪರೀಕ್ಷೆ ಮಾಡದೆ ಹಾಕಿಸುವ ಆಸಾಮಿ ಇವರಲ್ಲ. ಇನ್ವರ್ಟರ್ ಬ್ಯಾಟರಿಯಿಂದ ಅಡುಗೆಮನೆಗೆ ವೈರು ಎಳೆದರು. ಟೀ ಪಾತ್ರೆಯಲ್ಲಿ ನೀರಿಟ್ಟು, ಸೆನ್ಸಾರನ್ನು ದಾರಕ್ಕೆ ಕಟ್ಟಿ ಇಳಿಬಿಟ್ಟು, ಸೌಟು ಹಿಡಿದು ಕಾದರು. ನೀರು ಕೊತಕೊತ ಕುದಿಯಿತು. ಮೀಟರು 97ಕ್ಕೆ ನಿಂತುಬಿಟ್ಟಿತು. ಇನ್ನಷ್ಟು ಉರಿ ಕೊಟ್ಟರೂ ಮೂರು ಡಿಗ್ರಿ ಬಾಕಿಯೇ.

"ಕಳ್ಳತೂಕ!" ಎಂದು ಅಂಗಡಿಗೆ ಹೋಗಿ ಬದಲಿಸಿಕೊಂಡು ಬಂದರು. ಅದೂ 97. ಇನ್ನೊಮ್ಮೆ ಹೊರಟವರನ್ನು ಎದುರುಮನೆಯ ನಿವೃತ್ತ ಫಿಸಿಕ್ಸ್ ಲೆಕ್ಚರರು ಗೇಟಿನಲ್ಲೇ ತಡೆದರು. ತುಮಕೂರು ಸಮುದ್ರಮಟ್ಟಕ್ಕಿಂತ 800 ಮೀಟರಿಗೂ ಎತ್ತರದಲ್ಲಿದೆ, ಇಲ್ಲಿ ಗಾಳಿಯ ಒತ್ತಡ ಕಡಿಮೆ, ನೀರು ಕುದಿಯುವುದೇ 97ರ ಆಸುಪಾಸಿನಲ್ಲಿ, ಮೀಟರು ಸರಿಯಾಗಿಯೇ ಇದೆ ಎಂದು ಬಿಡಿಸಿ ಹೇಳಿದರು. ಯಜಮಾನರ ಮುಖ ಅರಳಬೇಕಿತ್ತು, ಬಾಡಿತು. "ಹಂಗಾದ್ರೆ ನಮ್ಮ ಇಂಜಿನ್ನು ಮೂರು ಡಿಗ್ರಿ ಮುಂಚೇನೇ ಕುದಿಯತ್ತೆ ಅನ್ನಿ." ರೇಡಿಯೇಟರಿನ ಮುಚ್ಚಳ ಒಳಗಿನ ಒತ್ತಡ ಹಿಡಿದಿಡುತ್ತದೆ, ಅರ್ಧಕ್ಕರ್ಧ ಕೂಲಂಟ್ ಬೆರೆಸಿದ ನೀರು ಆ ಒತ್ತಡದಲ್ಲಿ 120 ದಾಟಿದರೂ ಕುದಿಯುವುದಿಲ್ಲ ಎಂದು ಲೆಕ್ಚರರು ಸಮಾಧಾನ ಹೇಳುವಷ್ಟರಲ್ಲಿ ಅಡುಗೆಮನೆಯಿಂದ, "ಆ ಪಾತ್ರೇಲಿ ಇನ್ಮೇಲೆ ನಿಮಗೊಬ್ಬರಿಗೇ ಟೀ" ಎಂಬ ತೀರ್ಪು ಬಂತು.

ಕೂರಿಸುವ ದಿನ ಮೆಕ್ಯಾನಿಕ್ ಹುಡುಗ ಬಾನೆಟ್ ಎತ್ತಿ, ಬ್ಲೇಡು ಹಿಡಿದು, ಒಂದು ಗಳಿಗೆ ಸುಮ್ಮನೆ ನಿಂತ. "ಚೆನ್ನಾಗಿರೋ ಪೈಪು ಸಾರ್. ಕುಯ್ಯೋದಾ?"

"ಕುಯ್ಯಪ್ಪ."

ಇಂಜಿನ್ನಿನಿಂದ ರೇಡಿಯೇಟರಿಗೆ ಹೋಗುವ ಮೇಲಿನ ರಬ್ಬರ್ ಹೋಸನ್ನು ಕತ್ತರಿಸಿ, ಜಾಯಿಂಟು ತೂರಿಸಿ, ಎರಡೂ ಕಡೆ ಕ್ಲಿಪ್ಪು ಬಿಗಿದ. ಸ್ಟಾರ್ಟ್ ಮಾಡಿದರೆ ಮುಳ್ಳು ಕದಲಲಿಲ್ಲ. ಹುಡುಗ ತಲೆ ಕೆರೆದು, "ಸುತ್ತ ರಬ್ಬರು ಸಾರ್, ಅರ್ತ್ ಸಿಕ್ತಿಲ್ಲ" ಎಂದು ಜಾಯಿಂಟಿನಿಂದ ಬಾಡಿಗೆ ಒಂದು ವೈರು ಎಳೆದ. ಆಗಲೂ ಮುಳ್ಳು ಸ್ವಲ್ಪ ಹೊತ್ತು ತೂಕಡಿಸಿ, ಆಮೇಲೆ ಇದ್ದಕ್ಕಿದ್ದಂತೆ 80ಕ್ಕೆ ನೆಗೆಯಿತು. ಯಜಮಾನರೂ ನೆಗೆದರು. ನೀರು ಸುಮಾರು 82 ಡಿಗ್ರಿಗೆ ಕಾಯುವವರೆಗೂ ಥರ್ಮೋಸ್ಟಾಟ್ ಬಾಗಿಲು ತೆಗೆಯುವುದಿಲ್ಲ, ಅಲ್ಲಿಯವರೆಗೆ ಈ ಪೈಪಿಗೆ ಬಿಸಿನೀರು ಬರುವುದೇ ಇಲ್ಲ ಎಂದು ಹುಡುಗ ಬೆನ್ನು ಸವರಿ ಹೇಳಬೇಕಾಯಿತು. ಮೀಟರನ್ನು ಕಣ್ಣಿಗೆ ನೇರವಾಗಿ ಕೂರಿಸುವಾಗ ಅವನೇ ಎಚ್ಚರಿಸಿದ: "ಹಿಂದಿನ ಕೆಂಪು ದೀಪ ಮರೆಯಾಗತ್ತೆ ಸಾರ್."

"ಇನ್ನು ಆ ದೀಪ ಯಾರಿಗೆ ಬೇಕು!"

ಅಂದಿನಿಂದ ಯಜಮಾನರ ಭೂಗೋಳ ಬದಲಾಯಿತು. ಶಿರಾ ಗೇಟ್ ಎಂದರೆ 88. ಬಿ.ಎಚ್. ರಸ್ತೆಯಲ್ಲಿ ಸಂಜೆ ಸಿಕ್ಕಿಕೊಂಡರೆ 96, ಫ್ಯಾನು ತಿರುಗಿದ ಮೇಲೆ 91. ದೇವರಾಯನದುರ್ಗದ ಮೇಲೆ ನಿಂತು ಎಲ್ಲರೂ ಕಣಿವೆ ನೋಡುತ್ತಿದ್ದರೆ ಇವರು, "ಕಡೇ ತಿರುವಿನಲ್ಲಿ 99 ಆಯ್ತು, ನೀವ್ಯಾರೂ ನೋಡ್ಲೇ ಇಲ್ಲ" ಎಂದು ಕೊರಗಿದರು. ಕ್ಯಾತಸಂದ್ರದಲ್ಲಿ ತಟ್ಟೆ ಇಡ್ಲಿಗೆ ಕಾರು ನಿಲ್ಲಿಸಿದರೆ, ನಿಂತ ಇಂಜಿನ್ನಿನ ನೀರು ಎಷ್ಟಕ್ಕೆ ಏರುತ್ತದೆ ನೋಡಿ ಬರುತ್ತೇನೆಂದು ಕೀ ಹಿಂದಕ್ಕೆ ತಿರುಗಿಸಿ ಒಳಗೇ ಉಳಿಯುತ್ತಿದ್ದರು. ಇಡ್ಲಿ ಎಷ್ಟಕ್ಕೆ ಇಳಿಯಿತು ಎಂಬುದರ ಮೇಲೆ ಅವರಿಗೆ ಆಸಕ್ತಿಯಿರಲಿಲ್ಲ. ಭಾನುವಾರ ಬೆಳಿಗ್ಗೆ ಸ್ಕ್ರೂಡ್ರೈವರ್ ತಂದು ಆ ಎರಡು ಕ್ಲಿಪ್ಪುಗಳನ್ನು ಕಾಲು ಸುತ್ತು ಬಿಗಿಯುವುದು ಪೂಜೆಯ ಮುಂಚಿನ ಪೂಜೆಯಾಯಿತು.

ಗುಬ್ಬಿಯಲ್ಲಿ ಭಾಮೈದನ ಮನೆಯ ಗೃಹಪ್ರವೇಶ. ಇದು ಕುರುಕ್ಷೇತ್ರ ನಾಟಕಕ್ಕೆ ಆನೆಯನ್ನೇ ರಂಗಕ್ಕೆ ತಂದ ವೀರಣ್ಣನವರ ಊರು, ಪ್ರದರ್ಶನಕ್ಕೆ ಜನ ಸೇರುವುದು ಕಷ್ಟವೇ? ಯಜಮಾನರು ಬಾನೆಟ್ ಎತ್ತಿದ್ದೇ ತಡ, ಶಾಮಿಯಾನ ಅರ್ಧ ಖಾಲಿ. ಪುರೋಹಿತರೂ ಇಣುಕಿ ನೋಡಿದರು. ಅಷ್ಟರಲ್ಲಿ ಇಂಜಿನಿಯರಿಂಗ್ ಓದುವ ಭಾಮೈದನ ಮಗ ಜೇಬಿನಿಂದ ಬೆಂಕಿಪೊಟ್ಟಣದಷ್ಟು ಸಾಧನ ತೆಗೆದು, ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಚುಚ್ಚಿ, ಫೋನು ತೋರಿಸಿದ. ಅದರಲ್ಲಿ 91. ಮೀಟರಿನಲ್ಲಿ 86.

"ಬಿಸಿ ಎಷ್ಟಿದೆ ಅಂತ ಕಾರಿನ ಕಂಪ್ಯೂಟರಿಗೆ ಮೊದ್ಲಿಂದ್ಲೂ ಗೊತ್ತು ಮಾಮ. ಕೇಳಿದ್ರೆ ಹೇಳತ್ತೆ. ಪೈಪ್ ಕುಯ್ಯೋದೇ ಬೇಕಿರ್ಲಿಲ್ಲ."

"ಎರಡ್ರಲ್ಲಿ ಯಾವ್ದೋ ಸರಿ?"

"ಎರಡೂ ಸರಿ. ಅದು ಇಂಜಿನ್ ಹತ್ರ ಅಳೆಯತ್ತೆ, ನಿಮ್ದು ದಾರೀಲಿ ಅಳೆಯತ್ತೆ."

ಎರಡೂ ಸರಿ ಎಂಬ ಮಾತನ್ನು ಅರಗಿಸಿಕೊಳ್ಳಲು ಯಜಮಾನರಿಗೆ ಹೋಳಿಗೆ ಊಟವೂ ನೆರವಾಗಲಿಲ್ಲ. ವಾಪಸು ಬರುವಾಗ ಹೆಗ್ಗೆರೆಯವರೆಗೂ ಮೌನ. ಆಮೇಲೆ, "ನಮ್ದು ದಾರಿ ನೋಡ್ಕೊಂಡು ಹೇಳತ್ತೆ" ಎಂದು ತಾವೇ ಗೆದ್ದುಕೊಂಡರು.

ನಿಜವಾದ ಪರೀಕ್ಷೆ ನಡೆದದ್ದು ಕುಣಿಗಲ್ ರಸ್ತೆಯಲ್ಲಿ, ಎಡೆಯೂರಿಗೆ ಹೊರಟಾಗ. ಹಿಂದಿನ ಸೀಟಿನಲ್ಲಿ ನಾನೂ ಇದ್ದೆ. ಹೆಬ್ಬೂರು ದಾಟಿದ ಮೇಲೆ ಮುಳ್ಳು ಇಳಿಯತೊಡಗಿತು. 85. 72. 60.

"ನೋಡಿದ್ರಾ, ರಸ್ತೆ ಬದಿ ಹೊಂಗೆ ನೆರಳು. ಮರದ ಬೆಲೆ ಈಗ್ಲಾದ್ರೂ ತಿಳ್ಕೊಳ್ಳಿ" ಎಂದು ಯಜಮಾನರು ನಮಗೆ ಪರಿಸರದ ಪಾಠ ಶುರು ಮಾಡಿದರು.

"ಎಲ್ಲೋ ಬೆಲ್ಲ ಕಾಯ್ತಿರೋ ವಾಸನೆ ರೀ" ಎಂದರು ಅವರ ಮನೆಯಾಕೆ.

"ಆಲೆಮನೆ ಇರ್ಬೇಕು."

"ಆಲೆಮನೆ ನಮ್ಮ ಜೊತೇಗೇ ಬರ್ತಿದೆ. ಗಾಡಿ ನಿಲ್ಸಿ."

ನಿಲ್ಲಿಸಿದಾಗ ಬಾನೆಟ್ಟಿನ ಸಂದಿಯಿಂದ ಹಬೆ. ಸಿಹಿ ವಾಸನೆ ಕೂಲಂಟಿನದು. ಭಾನುವಾರ ಭಾನುವಾರ ಬಿಗಿದ ಕ್ಲಿಪ್ಪು ರಬ್ಬರನ್ನು ಕೊಯ್ದು ಹಾಕಿತ್ತು, ನೀರೆಲ್ಲ ರಸ್ತೆಪಾಲು. ಮೀಟರು ಅಳೆಯುವುದು ನೀರಿನ ಬಿಸಿಯನ್ನು. ಪೈಪಿನಲ್ಲಿ ನೀರೇ ಇಲ್ಲದಿದ್ದರೆ ಅದು ತಾನೇ ಏನು ಹೇಳೀತು? ಖಾಲಿ ಪೈಪಿನಲ್ಲಿ ತಣ್ಣಗೆ ಕೂತು ನಮಗೂ ಅದನ್ನೇ ವರದಿ ಮಾಡುತ್ತಿತ್ತು. ಯಜಮಾನರು ಬಗ್ಗಿ ಮೀಟರಿನ ಹಿಂದೆ ಇಣುಕಿದರು. ಕೆಂಪು ದೀಪ ಯಾವಾಗಿನಿಂದಲೋ ಉರಿಯುತ್ತಿತ್ತು.

ಟಿವಿಎಸ್ ಮೇಲೆ ಹುಲ್ಲುಹೊರೆ ಹೇರಿಕೊಂಡು ಬಂದ ಒಬ್ಬರು ನಿಂತು ವಿಚಾರಿಸಿದರು. "ಮುಚ್ಚಳ ಈಗ್ಲೇ ತೆಗೀಬೇಡಿ, ಮುಖಕ್ಕೆ ಹಾರತ್ತೆ" ಎಂದು ಹೇಳಿ, ಪಕ್ಕದ ತೋಟದಿಂದ ಬಿಂದಿಗೆಯಲ್ಲಿ ನೀರು ತಂದಿಟ್ಟು, ಮೀಟರಿನ ಕಥೆಯನ್ನು ಪೂರ್ತಿ ಕೇಳಿದರು. "ನಮ್ಮ ಕುಣಿಗಲ್ ಫಾರಂ ಕುದುರೆ ವಾಸಿ ಬುಡಿ ಸಾರ್. ಬಿಸಿಯಾದ್ರೆ ಅದೇ ನಿಂತ್ಕೊಳ್ತದೆ" ಎಂದು ಟಿವಿಎಸ್ ಏರಿದರು.

ಇಷ್ಟಾದ ಮೇಲೆ ಮೀಟರು ಕಿತ್ತು ಹಾಕಿಸುತ್ತಾರೆಂದು ಬೀದಿಯವರೆಲ್ಲ ನಂಬಿದ್ದೆವು. ಇಂಥವರನ್ನು ನಾವು ಅಷ್ಟು ಹಗುರವಾಗಿ ತಿಳಿಯಬಾರದಿತ್ತು. ಇಂಜಿನ್ ಕೆಡದಿರಲಿ ಎಂಬುದು ಅವರ ಆಸೆಯ ಅರ್ಧ ಭಾಗ ಮಾತ್ರ. ಕೆಡುವ ಮುಂಚೆ ತಮ್ಮನ್ನೊಂದು ಮಾತು ಕೇಳಲಿ ಎಂಬುದು ಉಳಿದರ್ಧ. ಹೊಸ ಹೋಸು ಬಂತು, ಅದನ್ನೂ ಕುಯ್ಸಿದ್ದಾಯಿತು. ನೀರು ಕಡಿಮೆಯಾದರೆ ಕೂಗುವ ಅಲಾರಮೂ ಬಂದು ಟೇಬಲ್ಲಿನ ಮೇಲೆ ಕೂತಿದೆ. ಅದಕ್ಕೆ ಕೂಲಂಟ್ ಟ್ಯಾಂಕಿಗೆ ತೂತು ಕೊರೆಯಬೇಕಂತೆ. ಮೆಕ್ಯಾನಿಕ್ ಹುಡುಗ ಫೋನ್ ಎತ್ತುತ್ತಿಲ್ಲ. ಮನೆಯಾಕೆ ಡ್ರಿಲ್ಲಿಂಗ್ ಮಷೀನಿಗಿಂತ ಮೊದಲು ತಮ್ಮ ಪಾತ್ರೆಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕಿಕೊಂಡಿದ್ದಾರೆ.