ಬನ್ನಿ ಎಲೆಗೆ ಬಂಗಾರದ ರಸೀದಿ

ವಿಜಯದಶಮಿಯಂದು ಜಂಬೂ ಸವಾರಿಯ ಆನೆ 750 ಕಿಲೋ ತೂಕದ ಅಂಬಾರಿ ಹೊತ್ತು ಅರಮನೆಯಿಂದ ಬನ್ನಿಮಂಟಪಕ್ಕೆ ಬಂದು ಮುಟ್ಟಿದರೆ ಮೈಸೂರಿಗರಿಗೆ ಹಬ್ಬ ಮುಗಿದಂತೆ. ಉಳಿದದ್ದು ಪಂಜಿನ ಕವಾಯತು ಮಾತ್ರ. ಹುಬ್ಬಳ್ಳಿ-ಧಾರವಾಡದ ಕಡೆಯಿಂದ ಬಂದು ಇಲ್ಲೇ ಮನೆ ಕಟ್ಟಿಕೊಂಡವರಿಗೆ ಮಾತ್ರ ಆಗಷ್ಟೇ ಶುರು. ಬನ್ನಿ ಎಲೆಯನ್ನು ಕೈಗಿಟ್ಟು ‘ಬಂಗಾರದಂಗ ಇರೋಣು’ ಅನ್ನುತ್ತಾರೆ. ಕೊಟ್ಟವರಿಗೂ ಗೊತ್ತು, ತಗೊಂಡವರಿಗೂ ಗೊತ್ತು, ಅದು ಎಲೆ. ಮರುದಿನ ಬೆಳಿಗ್ಗೆ ಅದನ್ನು ಗಿರವಿ ಅಂಗಡಿಗೆ ಒಯ್ದವರನ್ನು ಯಾರೂ ಕಂಡಿಲ್ಲ.

ಆ ಧೈರ್ಯ ಮಾಡಿದ್ದು ವಿಮಾನ ಕಂಪನಿಗಳು.

ವಿಮಾನದ ಇಂಧನ ಒಂದು ಟನ್ ಉರಿದರೆ ಮೂರು ಟನ್ನಿಗೂ ಮೀರಿ ಇಂಗಾಲದ ಡೈಆಕ್ಸೈಡ್ ಆಕಾಶ ಸೇರುತ್ತದೆ. ಸೇರಿದ್ದರಲ್ಲಿ ಒಂದು ಪಾಲು ಶತಮಾನಗಟ್ಟಲೆ ಅಲ್ಲೇ ಬಿಡಾರ ಹೂಡುತ್ತದೆ. ಇದಕ್ಕೆ ಪರಿಹಾರವಾಗಿ ಟಿಕೆಟ್ ಕೊಳ್ಳುವಾಗ, ಕಿಟಕಿ ಪಕ್ಕದ ಸೀಟು ಬೇಕೇ, ಉಪ್ಪಿಟ್ಟು ಬೇಕೇ ಎಂದು ಕೇಳಿದ ಮೇಲೆ, ಒಂದು ಪುಟ್ಟ ಹಸಿರೆಲೆಯ ಚಿತ್ರ ಬರುತ್ತದೆ: ನಿಮ್ಮ ಪ್ರಯಾಣದ ಇಂಗಾಲವನ್ನು ಸರಿದೂಗಿಸುವಿರಾ? ಎಲೆಯ ಮೇಲೆ ಬೆರಳಿಟ್ಟರೆ ಜಗತ್ತಿನ ಯಾವುದೋ ಮೂಲೆಯಲ್ಲಿ ಯಾರೋ ನಿಮ್ಮ ಪರವಾಗಿ ಒಂದು ಸಸಿ ನೆಡುತ್ತಾರೆ, ಅಥವಾ ಕಡಿಯಬೇಕೆಂದಿದ್ದ ಮರವನ್ನು ಕಡಿಯದೆ ಬಿಡುತ್ತಾರೆ. ಕಡಿಯಬೇಕೆಂದು ಅವರು ನಿಜಕ್ಕೂ ಅಂದುಕೊಂಡಿದ್ದರೇ ಎಂದು ಕೇಳುವುದು ಸಭ್ಯತೆಯಲ್ಲ.

ನಮ್ಮ ಬೀದಿಯಲ್ಲೊಬ್ಬರು ನಿವೃತ್ತ ಬ್ಯಾಂಕ್ ಮ್ಯಾನೇಜರ್ ಇದ್ದಾರೆ. ಮಗ ಪರದೇಶದಲ್ಲಿ, ಪ್ರತಿ ದಸರೆಗೂ ಬರುತ್ತಾನೆ, ಎಲೆ ಒತ್ತಿಯೇ ಬರುತ್ತಾನೆ. ಮೊನ್ನೆ ಮಗನನ್ನು ಅವರು ಕೇಳಿದ ಪ್ರಶ್ನೆ ಇಷ್ಟೇ: ‘ಅಲ್ಲಪ್ಪಾ, ಮರ ಒಣಗಿ ಹೋದ್ರೆ ನೀನು ಬಂದಿದ್ದನ್ನ ವಾಪಸ್ ತಗೋತಾರಾ?’ ಮೂವತ್ತು ವರ್ಷ ಸಾಲ ವಸೂಲಿ ಮಾಡಿದವರ ಮುಂದೆ ಈ ವ್ಯಾಪಾರ ನಿಲ್ಲುವುದು ಕಷ್ಟ.

ಮರ ಒಣಗುವ ಮಾತು ಅನುಮಾನದ ಪ್ರಾಣಿಗಳ ಕಲ್ಪನೆಯೇನೂ ಅಲ್ಲ. ಅದು ನಡೆದದ್ದು ನಮ್ಮ ಗುಡಿಬಂಡೆಯಲ್ಲಿ. 2002ರಲ್ಲಿ ಇಂಗ್ಲೆಂಡಿನ ಕೋಲ್ಡ್‌ಪ್ಲೇ ಎಂಬ ಹಾಡುಗಾರರ ತಂಡ ತನ್ನ ಎರಡನೇ ಆಲ್ಬಂ ಹೊರತಂದಿತು. ಅದನ್ನು ತಯಾರಿಸಿ ಹಂಚುವಾಗ ಎದ್ದ ಇಂಗಾಲವನ್ನು ತೊಳೆದುಕೊಳ್ಳಲು ಕರ್ನಾಟಕದಲ್ಲಿ 10,000 ಮಾವಿನ ಸಸಿ ನೆಡಿಸುವುದೆಂದು ತೀರ್ಮಾನವಾಯಿತು. ವ್ಯವಸ್ಥೆ ಫ್ಯೂಚರ್ ಫಾರೆಸ್ಟ್ಸ್ ಎಂಬ ಬ್ರಿಟಿಷ್ ಕಂಪನಿಯದು. ಅಭಿಮಾನಿಗಳು ಹದಿನೇಳೂವರೆ ಪೌಂಡ್ ತೆತ್ತರೆ ಅವರ ಹೆಸರಿನಲ್ಲೂ ಒಂದು ಮಾವು. ಗೋಡೆಗೆ ನೇತುಹಾಕಲು ಪ್ರಮಾಣಪತ್ರ.

ಗುಡಿಬಂಡೆಯೆಂದರೆ ವರ್ಷವಿಡೀ ಹರಿಯುವ ನದಿಯಿಲ್ಲದ, ನಾಲೆಯಿಲ್ಲದ ಸೀಮೆ. ಸಾವಿರ ಅಡಿ ಕೊರೆದರೂ ಕೊಳವೆಬಾವಿಯಿಂದ ದೂಳೇಳುವ ನೆಲ. ಅಲ್ಲಿಯ ರೈತನಿಗೆ ಸಸಿ ಬಂತು. ನೀರು ಬರಲಿಲ್ಲ, ಔಷಧಿ ಬರಲಿಲ್ಲ, ಕೂಲಿಯೂ ಬರಲಿಲ್ಲ. 2006ರಲ್ಲಿ ಲಂಡನ್ನಿನ ಸಂಡೇ ಟೆಲಿಗ್ರಾಫ್ ಪತ್ರಿಕೆಯವರು ಬಂದು ನೋಡಿದಾಗ, ಹಂಚಿದ ಸಸಿಗಳಲ್ಲಿ ಶೇ 40ರಷ್ಟು ಆಗಲೇ ಸತ್ತಿದ್ದವೆಂಬ ಲೆಕ್ಕ ಸಿಕ್ಕಿತು. ಕಂಪನಿ ಸಸಿ ಹಂಚಿದ ಇಲ್ಲಿಯ ಸಂಸ್ಥೆಯತ್ತ ಬೆರಳು ತೋರಿಸಿತು. ಸಂಸ್ಥೆ ಕಂಪನಿ ಕೊಟ್ಟ ದುಡ್ಡು ಸಾಲದೆಂದಿತು. ಮಾವು ಯಾರತ್ತಲೂ ಬೆರಳು ತೋರಿಸಲಿಲ್ಲ. ಪಾಪ, ಹಾಡಿದವರದೇನೂ ದುರುದ್ದೇಶವಿರಲಿಲ್ಲ. ಆದರೆ ಒಣಗಿದ ಮಾವಿನ ಪ್ರಮಾಣಪತ್ರ ಇಂಗ್ಲೆಂಡಿನ ಯಾವುದೋ ಗೋಡೆಯ ಮೇಲೆ ಇವತ್ತಿಗೂ ಹಚ್ಚಗಿರಬೇಕು. ಪತ್ರಿಕೆಯವರು ಬರುವಷ್ಟರಲ್ಲಿ ಫ್ಯೂಚರ್ ಫಾರೆಸ್ಟ್ಸ್ ಹೆಸರು ಬದಲಿಸಿಕೊಂಡು ‘ಕಾರ್ಬನ್‌ನ್ಯೂಟ್ರಲ್ ಕಂಪನಿ’ಯಾಗಿತ್ತು. ಹೆಸರಿನಲ್ಲಿದ್ದ ಕಾಡೂ ಹೋಯಿತು.

ಸತ್ಯಕ್ಕೆ ಅಪಚಾರವಾಗಬಾರದು: ಗುಡಿಬಂಡೆಯ ಪಕ್ಕದಲ್ಲೇ ಬಾಗೇಪಲ್ಲಿ ಇದೆ. ಅಲ್ಲಿ ಬಾಗೇಪಲ್ಲಿ ಕೂಲಿ ಸಂಘ 5,500 ಮನೆಗಳಿಗೆ ಸಗಣಿ ಅನಿಲದ ಒಲೆ ಹಾಕಿಸುವ ಯೋಜನೆ ರೂಪಿಸಿ, 2005ರಲ್ಲಿ, ಉಳಿತಾಯವಾದ ಹೊಗೆಯನ್ನು ಮಾರಲು ಬಿಡುವ ವಿಶ್ವಸಂಸ್ಥೆಯ ವ್ಯವಸ್ಥೆಯಡಿ ನೋಂದಾಯಿಸಿತು. ಒಲೆ ಉರಿದವು, ಹೆಂಗಸರ ಕಣ್ಣಿನ ಉರಿ ಆರಿತು. ಒಳ್ಳೆಯ ಕೆಲಸ, ಎರಡು ಮಾತಿಲ್ಲ. ತಕರಾರು ಒಲೆಯ ಮೇಲಲ್ಲ. ಸೌದೆ ಹೊಗೆ ಕುಡಿದು ಕುಡಿದು ಸಾಕಾದವಳು ಉಳಿಸಿಕೊಟ್ಟ ಹೊಗೆಯನ್ನು, ಮೂವತ್ತೈದು ಸಾವಿರ ಅಡಿ ಮೇಲೆ ಕಾಲು ಚಾಚಿ ಕೂತವನು ಕೊಂಡು ‘ಈಗ ನಾನು ಶುದ್ಧ’ ಎನ್ನುತ್ತಾನಲ್ಲ, ತಕರಾರು ಆ ಲೆಕ್ಕದ್ದು. ಆಕೆ ಉಳಿಸಿದಳು, ಈತ ಸುಟ್ಟ. ಆಕಾಶಕ್ಕೆ ಏನು ಉಳಿಯಿತು?

ಆಮ್‌ಸ್ಟರ್‌ಡ್ಯಾಮಿನ ನ್ಯಾಯಾಲಯಕ್ಕೂ ಇಂಥದೇ ಅನುಮಾನ ಬಂದಿರಬೇಕು. ಕೆಎಲ್‌ಎಂ ವಿಮಾನ ಕಂಪನಿಯ ಹಸಿರು ಜಾಹೀರಾತುಗಳು ಗ್ರಾಹಕರನ್ನು ದಾರಿ ತಪ್ಪಿಸುವಂಥವು ಎಂದು 2024ರ ಮಾರ್ಚ್‌ನಲ್ಲಿ ಅದು ತೀರ್ಪಿತ್ತಿತು. ಇನ್ನೊಂದು ಕಂಪನಿ, ಈಸಿಜೆಟ್, 2022ರಲ್ಲೇ ಈ ಸರಿದೂಗಿಸುವ ವ್ಯವಹಾರಕ್ಕೆ ಕೈಮುಗಿಯಿತು. ಎಲೆ ಬಂಗಾರವಲ್ಲವೆಂದು ಹೇಳಲು ಯುರೋಪಿಗೆ ನ್ಯಾಯಾಧೀಶರು ಬೇಕಾಯಿತು.

ನಮ್ಮಲ್ಲಿ ಅಂಥ ಒರಟುತನವಿಲ್ಲ. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಇಂಗಾಲದ ವಿಷಯದಲ್ಲಿ ಐದನೇ ಹಂತದ ಅಂತರರಾಷ್ಟ್ರೀಯ ಮಾನ್ಯತೆ ಸಿಕ್ಕಿದೆ. ನಿಲ್ದಾಣದ್ದೇ ಹೊಗೆ, ಅದು ಕೊಂಡ ವಿದ್ಯುತ್ತಿನ ಹೊಗೆ, ಇವೆರಡನ್ನೂ ಶೇ 90ರಷ್ಟಾದರೂ ಇಳಿಸಿದವರಿಗೆ ಈ ಪದವಿ. ಇಳಿಸಿದ್ದಾರೆ, ಶಹಬ್ಬಾಸ್. ಎರಡನೇ ಟರ್ಮಿನಲ್ಲಿಗೆ ಹೋದರೆ ಬಿದಿರು, ಬಳ್ಳಿ, ನೀರಿನ ಸದ್ದು. ಲಾಲ್‌ಬಾಗಿಗೆ ಟಿಕೆಟ್ ತಗೊಂಡೆವೇನೋ ಅನ್ನಿಸುತ್ತದೆ. ಒಂದು ಸಣ್ಣ ವಿಷಯ ಮಾತ್ರ: ಆ ಶೇ 90ರ ಲೆಕ್ಕದಲ್ಲಿ ವಿಮಾನಗಳಿಲ್ಲ. ವಿಮಾನಗಳನ್ನು ಬದಿಗಿಟ್ಟು ನೋಡಿದರೆ ವಿಮಾನ ನಿಲ್ದಾಣದಷ್ಟು ಪರಿಶುದ್ಧವಾದ ಜಾಗ ಇನ್ನೊಂದಿಲ್ಲ.

ಬನ್ನಿಮಂಟಪದ ಆಕಾಶವೂ ಹಾಗೆಯೇ ಪರಿಶುದ್ಧ. 2023ರ ದಸರೆಯಲ್ಲಿ ವಾಯುಪಡೆಯ ಸೂರ್ಯಕಿರಣ ತಂಡ ಪಂಜಿನ ಕವಾಯತು ಮೈದಾನದ ಮೇಲೆ ಬಣ್ಣಬಣ್ಣದ ಹೊಗೆ ಬಿಡಿಸಿದಾಗ ಮಹಡಿ ಮೇಲೆ ನಿಂತು ಚಪ್ಪಾಳೆ ಹೊಡೆದವರಲ್ಲಿ ನಾನೂ ಒಬ್ಬ. ಸೇನೆಯ ವಿಮಾನಗಳ ಹೊಗೆ ಟಿಕೆಟ್ಟಿನ ಎಲೆಯ ಲೆಕ್ಕಕ್ಕೆ ಸೇರುವುದಿಲ್ಲ, ಹಾಗಾಗಿ ಚಪ್ಪಾಳೆಗೆ ಅಡ್ಡಿಯಿಲ್ಲ. ನೆಲದ ಮೇಲಂತೂ ನಾವು ಈ ವಿದ್ಯೆಯಲ್ಲಿ ಪಳಗಿದವರು. 2025ರ ಏಪ್ರಿಲ್‌ನಲ್ಲಿ ರಸ್ತೆ ಅಗಲಿಸಲು ಮೈಸೂರಿನ ಹೈದರಾಲಿ ರಸ್ತೆಯ 40 ಮರ ಉರುಳಿಸಿದಾಗ ಊರೇ ರೊಚ್ಚಿಗೆದ್ದಿತ್ತು. ಒಂದು ಮರಕ್ಕೆ ಹತ್ತು ಸಸಿ ಎಂಬ ಸರ್ಕಾರಿ ಮಗ್ಗಿ ನಮಗೆ ಬಾಯಿಪಾಠ. ನೆರಳಿಗೆ ನಿಲ್ಲಬೇಕಾದವರು ಇಪ್ಪತ್ತು ವರ್ಷ ತಡೆದುಕೊಳ್ಳಬೇಕು, ಅಷ್ಟೆ.

ಇನ್ನು ಕೊರ್ಸಿಯಾ ಬರುತ್ತಿದೆ. ಯಾವುದೋ ರೋಗದ ಹೆಸರಲ್ಲ. 2016ರಲ್ಲಿ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಒಪ್ಪಿದ ಯೋಜನೆ. ಭಾರತದ ಕಂಪನಿಗಳಿಗೆ 2027ರಿಂದ ಅನ್ವಯ. 2019ರ ಹೊಗೆಯ ಶೇ 85ರವರೆಗೆ ಎಲ್ಲವೂ ಮಾಫಿ. ಅದನ್ನು ಮೀರಿದ್ದಕ್ಕೆ ಮಾತ್ರ ಎಲೆ ಕೊಳ್ಳಬೇಕು. ಅದೂ ಗಡಿ ದಾಟುವ ವಿಮಾನಗಳಿಗೆ. ಆದ್ದರಿಂದ ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದಿಂದ ಹೈದರಾಬಾದಿಗೆ ಹಾರುವವರು ನಿಶ್ಚಿಂತೆಯಿಂದಿರಿ, ನಿಮ್ಮ ಹೊಗೆಗೆ ಪಾಸ್‌ಪೋರ್ಟ್ ಇಲ್ಲ. ಆದರೆ ಮಂಡಕಳ್ಳಿಯ 1,740 ಮೀಟರ್ ರನ್‌ವೇ ಉದ್ದ ಮಾಡಬೇಕೆಂಬ ಬೇಡಿಕೆ ಬಹಳ ದಿನದ್ದು. ಅದು ಈಡೇರಿ ದೊಡ್ಡ ವಿಮಾನಗಳು ಬಂದರೆ, ಪರದೇಶಕ್ಕೆ ಹಾರಿದರೆ, ಆಗ ನಾವೂ ಸಸಿ ನೆಡಿಸಲೇಬೇಕು. ಗುಡಿಬಂಡೆಯವರು ಈಗಲೇ ಇನ್ನೊಂದು ಕೊಳವೆಬಾವಿ ಕೊರೆಸಿಟ್ಟುಕೊಂಡರೆ ಒಳ್ಳೆಯದು. ಖರ್ಚು ಅವರದೇ.