ಕಂಸ ಮಾಮಾ

ಧಾರವಾಡದಿಂದ ಬಂದು ಸೂರತ್ತಿನ ಉಧ್ನಾದ ಮಗ್ಗದ ಕಾರ್ಖಾನೆಯೊಂದರಲ್ಲಿ ಲೆಕ್ಕ ಬರೆಯುವ ನಮ್ಮ ರಾಯರಿಗೆ ‘ಕಂಸ ಮಾಮಾ’ ಎಂದು ಹೆಸರಿಟ್ಟವನು ಅವರ ಅಕ್ಕನ ಮಗ. ಸೋದರಮಾವನಾದ್ದರಿಂದ ಅರ್ಧ ಹೆಸರು ತಾನಾಗಿಯೇ ಬಂತು. ಕಂಡ ಮಾತಿಗೆಲ್ಲ ಎಡಕ್ಕೊಂದು ಬಲಕ್ಕೊಂದು ಚೂಪು ಕಂಸ ತೊಡಿಸಿ ಉಳಿದರ್ಧವನ್ನು ಅವರೇ ಸಂಪಾದಿಸಿಕೊಂಡರು.

ಗೀಳು ಹತ್ತಿದ್ದು 2017ರ ಜುಲೈನಲ್ಲಿ. ಜಿಎಸ್‌ಟಿ ಬಂತು, ಸೂರತ್ತಿನ ಬಟ್ಟೆ ವ್ಯಾಪಾರಿಗಳು ಅಂಗಡಿ ಮುಚ್ಚಿ ಮುಷ್ಕರ ಹೂಡಿದರು, ರಾಯರ ಮೇಜು ಖಾಲಿಯಾಯಿತು. ಕೆಲಸವಿಲ್ಲದ ಲೆಕ್ಕಿಗ ಏನು ಮಾಡಿಯಾನು? ಲೆಕ್ಕದ ತಂತ್ರಾಂಶ ಟ್ಯಾಲಿಯಿಂದ ಹೊರತೆಗೆದ ಎಕ್ಸ್‌ಎಂಎಲ್ ಕಡತವೊಂದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದರು. ಪ್ರತಿ ಅಂಕಿಗೂ ಹಿಂದೆ ಮುಂದೆ ಚೂಪು ಕಂಸದಲ್ಲಿ ಹೆಸರಿನ ಚೀಟಿ, ತೆರೆಯುವ ಗುರುತೊಂದು, ಮುಚ್ಚುವ ಗುರುತೊಂದು. ವೋಚರಿನ ಹೊಟ್ಟೆಯಲ್ಲಿ ಲೆಡ್ಜರು, ಲೆಡ್ಜರಿನ ಹೊಟ್ಟೆಯಲ್ಲಿ ಮೊತ್ತ. ತೆರೆದದ್ದನ್ನೆಲ್ಲ ಮುಚ್ಚಲೇಬೇಕು. ಇಷ್ಟು ವರ್ಷ ಸಂಸಾರ ಮಾಡಿಯೂ ಕಾಣದ ಶಿಸ್ತನ್ನು ಅಲ್ಲಿ ಕಂಡು ರಾಯರ ಕಣ್ಣು ಒದ್ದೆಯಾಯಿತಂತೆ. ಚೀಟಿಯ ಹೆಸರನ್ನು ಕನ್ನಡದಲ್ಲೇ ಇಟ್ಟರೂ ನಡೆಯುತ್ತದೆ ಎಂದು ತಿಳಿದ ದಿನವಂತೂ ನನ್ನನ್ನು ಕರೆದೊಯ್ದು ಲೋಚೋ ಎಂಬ ತಿಂಡಿ ತಿನ್ನಿಸಿದರು. ಅವರ ಕೈಯಿಂದ ದುಡ್ಡು ಬಿಚ್ಚಿದ್ದನ್ನು ಕಂಡವರು ಕಡಿಮೆ.

ಅಲ್ಲಿಂದ ಮುಂದೆ ಕಿರಾಣಿ ಪಟ್ಟಿ, ದಿನಚರಿ, ಕನಸು, ಬೀಗರ ಮೇಲಿನ ಅಸಮಾಧಾನ ಎಲ್ಲವೂ ಕಂಸದೊಳಗೆ ಬಂದವು. ಇಂಥವರು ಎಲ್ಲ ಊರಲ್ಲೂ ಇರುತ್ತಾರೆ. ಹೊಸ ಡೈರಿ ತಂದು, ಮಾರ್ಜಿನ್ನಿಗೆ ಕೆಂಪು ಗೀಟು ಎಳೆದು, ಹಸಿರು ಶಾಯಿ ಯಾವುದಕ್ಕೆ ನೀಲಿ ಯಾವುದಕ್ಕೆ ಎಂದು ಗೊತ್ತುಮಾಡಿ, ಜನವರಿ ಎರಡರಂದು ಡೈರಿಯನ್ನು ಮಗುವಿನ ಹೋಂವರ್ಕಿಗೆ ಕೊಡುವ ಜಾತಿ ಇದು. ರಾಯರು ಅದರ ಸುಧಾರಿತ ತಳಿ.

ಪಕ್ಕದ ಮನೆಯ ಗುಜರಾತಿ ಮೆಹತಾಜಿ ಇಡೀ ಆಯುಷ್ಯವನ್ನು ಕೆಂಪು ಬಟ್ಟೆ ಹೊದಿಸಿದ ಚೋಪಡಾದಲ್ಲಿ ಎಡಕ್ಕೆ ಜಮಾ, ಬಲಕ್ಕೆ ಉಧಾರ ಎಂದು ಎರಡೇ ಕಂಬದಲ್ಲಿ ಮುಗಿಸಿದ್ದಾರೆ. ದೀಪಾವಳಿಗೆ ಆ ಪುಸ್ತಕಕ್ಕೆ ಪೂಜೆಯೂ ಆಗುತ್ತದೆ. ರಾಯರಿಗೆ ಎರಡು ಸಾಲದು. ಅಜ್ಜಿಯ ಸಿಟ್ಟು ಅಜ್ಜಿಗೆ ಅಂಟಿದ ಗುಣವೋ, ಅಜ್ಜಿಯೊಳಗಿನ ಬೇರೆಯೇ ಅಂಗವೋ ಎಂದು ಒಂದು ಇಡೀ ಮಳೆಗಾಲ ತಲೆ ಕೆಡಿಸಿಕೊಂಡರು. ಎಕ್ಸ್‌ಎಂಎಲ್ ಬಲ್ಲವರೂ ಇಂಥ ಪ್ರಶ್ನೆಗೆ ಇವತ್ತಿಗೂ ಕಿತ್ತಾಡುತ್ತಾರೆ ಎಂದು ಗೊತ್ತಾದ ಮೇಲೆ ಅವರಿಗೆ ಸಮಾಧಾನ.

ನಿಜವಾದ ಇಕ್ಕಟ್ಟು ಊಟದ ಹೊತ್ತಿನದು. ಒಂದು ಗುರುತು ಇನ್ನೊಂದರೊಳಗೆ ಪೂರ್ತಿ ಇರಬೇಕು, ಇಲ್ಲವೇ ಪೂರ್ತಿ ಹೊರಗಿರಬೇಕು. ಅರ್ಧ ಒಳಗೆ ಅರ್ಧ ಹೊರಗೆ ಎಂಬುದು ಈ ಶಾಸ್ತ್ರದಲ್ಲಿ ನಿಷಿದ್ಧ. ಆದರೆ ಮನೆಯಲ್ಲಿ ಜಗಳ ಶುರುವಾಗುವುದು ಸಾರಿನ ಹೊತ್ತಿಗೆ, ಮುಗಿಯುವುದು ಹಾಸಿಗೆ ಹಾಸುವಾಗ. <ಊಟ> ಮುಚ್ಚಬೇಕಾದರೆ ಮೊದಲು <ಜಗಳ> ಮುಚ್ಚಬೇಕು.

“ಮಜ್ಜಿಗಿ ಹಾಕೋದ್ರಾಗ ಮುಗಿಸು, ಇಲ್ಲಾಂದ್ರ ಕಡತ ಕೆಡತದ” ಎಂದು ರಾಯರು ಒಮ್ಮೆ ಅಂಗಲಾಚಿದ್ದೂ ಉಂಟು.

ರಾಯರ ಹೆಂಡತಿ, ನಮ್ಮ ವೈನಿ, “ಹಂಗಾರ ಊಟಾನ ಮುಗಿಸಬ್ಯಾಡ್ರಿ” ಎಂದು ಸೌಟು ಕೆಳಗಿಟ್ಟು ಎದ್ದು ಹೋದರು. ರಾಯರನ್ನು ಆಡಿಕೊಳ್ಳುವುದು ಸುಲಭ. ಆದರೆ ಕಾವ್ಯಗಳನ್ನು ಗಣಕಕ್ಕೆ ಏರಿಸಲೆಂದು 1987ರಲ್ಲಿ ಹೊರಟ ಟೆಕ್ಸ್ಟ್ ಎನ್‌ಕೋಡಿಂಗ್ ಇನಿಶಿಯೇಟಿವ್‌ನ ಪಂಡಿತರೂ ಇದೇ ಹೊಸ್ತಿಲಿಗೆ ಎಡವಿದವರು. ಪದ್ಯದ ಸಾಲು ಮುಗಿದರೂ ವಾಕ್ಯ ಮುಗಿಯುವುದಿಲ್ಲ, ಏನು ಮಾಡುವುದು?

ರಾಯರು ತಮ್ಮ ಗೀಳಿಗೆ ವಂಶಾವಳಿಯನ್ನೂ ಹೇಳುತ್ತಾರೆ. 1969ರಲ್ಲಿ ಐಬಿಎಂನಲ್ಲಿ ಗೋಲ್ಡ್‌ಫಾರ್ಬ್, ಮೋಶರ್, ಲೋರಿ ಎಂಬ ಮೂವರು, ವಕೀಲರ ಕಾಗದಪತ್ರ ಹೊಂದಿಸಲು ಹೋಗಿ, ಜಿಎಂಎಲ್ ಎಂಬ ಗುರುತಿನ ಭಾಷೆ ಕಟ್ಟಿದರು. ಅದರ ಮೂರು ಅಕ್ಷರ ಅವರ ಹೆಸರುಗಳ ಮೊದಲಕ್ಷರಗಳೇ. ಎಕ್ಸ್‌ಎಂಎಲ್ ಅದರ 1998ರ ಮೊಮ್ಮಗು. ಅಷ್ಟಕ್ಕೇ ನಿಲ್ಲದೆ ನಮ್ಮವರೆಗೂ ಬರುತ್ತಾರೆ. ಪಂಪಭಾರತದ ಅಚ್ಚಿನ ಪ್ರತಿಯಲ್ಲಿ ಪದ್ಯದ ನೆತ್ತಿಗೆ ‘ಕಂ||’, ಗದ್ಯದ ನೆತ್ತಿಗೆ ‘ವ||’ ಎಂದಿರುವುದು ತೆರೆಯುವ ಗುರುತಂತೆ. ವಚನದ ಕೊನೆಯ ಕೂಡಲಸಂಗಮದೇವ ಮುಚ್ಚುವ ಗುರುತಂತೆ. ಈ ಮಾತಿಗೆ ನಾನು ತಲೆಯಾಡಿಸಿದ್ದು ಎರಡನೆಯ ಪ್ಲೇಟ್ ಲೋಚೋದ ಮೇಲಿನ ಆಸೆಯಿಂದ ಎಂದು ವೈನಿಯ ಗುಮಾನಿ.

ತಾಯಿಗೆ ಬರೆದ ಕಾಗದದಲ್ಲಿ ಮಾತ್ರ ರಾಯರು ಸೋತರು. ಆಕೆಯ ಕಾಲದ ಕಾಗದಕ್ಕೂ ಕಟ್ಟು ಇತ್ತು. ನೆತ್ತಿಗೆ ಶ್ರೀ, ಆಮೇಲೆ ಹಿರಿಯರಿಗೆ ನಮಸ್ಕಾರ ಕಿರಿಯರಿಗೆ ಆಶೀರ್ವಾದ, ‘ಉಭಯ ಕುಶಲೋಪರಿ ಸಾಂಪ್ರತ’, ಅದಾದ ಮೇಲೆ ಸಾಲದ ವಿಷಯ. ಶುಭಕಾರ್ಯವಿದ್ದರೆ ಮೂಲೆಗೆ ಅರಿಸಿನ. ಒಡೆಯುವ ಮುಂಚೆಯೇ ಮನೆಮಂದಿಯ ಮುಖ ಅರಳುತ್ತಿತ್ತು. ಸಾವಿನ ಸುದ್ದಿಯ ಕಾಗದವನ್ನು ಓದಿ ಹರಿದು ಹಾಕುತ್ತಿದ್ದರು, ಒಳಗೆ ಇಟ್ಟುಕೊಳ್ಳುತ್ತಿರಲಿಲ್ಲ. ಮೂಲೆಯ ಅರಿಸಿನಕ್ಕೆ ಸಾಟಿಯಾದದ್ದು ಐಬಿಎಂನ ಆ ಮೂವರಿಗೂ ಹೊಳೆಯಲಿಲ್ಲ ಎಂಬುದು ನನ್ನ ವಾದ. ರಾಯರ ಕಾಗದದಲ್ಲಿ ಇದ್ದದ್ದು <ಕ್ಷೇಮ ಯಾರು="ನಾವು"/> ಮತ್ತು ಅಂಥದೇ ಒಂದಷ್ಟು. ತಾಯಿ ಫೋನು ಮಾಡಿದರು: “ತಮ್ಮಾ, ಅಕ್ಷರಕ್ಕ ಮುಳ್ಳಬೇಲಿ ಯಾಕ ಹಾಕೀಯೋ? ದನ ಬರ್ತಾವೇನು?”

ಆತ್ಮಕಥೆಯೂ ನಡೆದಿದೆ. ಮೊನ್ನೆ ತೋರಿಸಿದರು. <ಬಾಲ್ಯ/>, <ಯೌವನ/>, <ವಿವಾಹ/>. ಒಳಗೆ ಏನೂ ಇಲ್ಲದ ಗುರುತನ್ನು ಹೀಗೆ ಒಂದೇ ಏಟಿಗೆ ತೆರೆದು ಮುಚ್ಚಬಹುದು. ಪರೀಕ್ಷಿಸುವ ತಂತ್ರಾಂಶ ಕೊಟ್ಟ ತೀರ್ಪು: ದೋಷ ಸೊನ್ನೆ. ಅದನ್ನು ಮುದ್ರಿಸಿ ದೇವರ ಮನೆಯ ಬಾಗಿಲಿಗೆ ಅಂಟಿಸಿದ್ದಾರೆ.

ಅವರ ಕಡತಗಳಲ್ಲಿ ನಿಜಕ್ಕೂ ತುಂಬಿರುವುದು ಒಂದೇ, ಸೀರೆಯದು. ಸೂರತ್ತಿನಲ್ಲಿದ್ದವರು ಊರಿಗೆ ಬರಿಗೈಲಿ ಹೋಗುವಂತಿಲ್ಲ. ನೆಂಟರ ಲೆಕ್ಕದಲ್ಲಿ ಇಲ್ಲಿ ಸೀರೆ ನಲ್ಲಿಯಲ್ಲಿ ಬರುತ್ತದೆ. ಹಾಗಾಗಿ ಪ್ರತಿ ಸೀರೆಗೂ ಬಣ್ಣ, ಅಂಚು, ಬೆಲೆ, ಯಾರಿಗೆ, ಯಾವ ಮದುವೆಯ ಆಯಾರ ಎಂದು ದಾಖಲೆ. ಕಳೆದ ಗಣಪತಿ ಹಬ್ಬಕ್ಕೆ ಧಾರವಾಡದಲ್ಲಿ ಯಾರೋ ವೈನಿಗೆ ಉಡಿ ತುಂಬಿ ಗಿಳಿಹಸಿರು ಸೀರೆ ಕೊಟ್ಟರು. ಉಧ್ನಾಕ್ಕೆ ಬಂದ ಮೇಲೆ ರಾಯರು ಅದನ್ನು ಹರವಿ ನೋಡಿದರೆ ಸೆರಗಿನ ಹತ್ತಿರ ಎರಡು ಎಳೆ ತಪ್ಪಿವೆ. ಕಡತ ಹುಡುಕಿದರು. ಸಿಕ್ಕಿತು! <ದೋಷ>ದೊಳಗೆ ಎರಡೂ ಎಳೆ ದಾಖಲಾಗಿವೆ. 2018ರಲ್ಲಿ ಅವರೇ ತಮ್ಮ ಅಕ್ಕನಿಗೆ ಕೊಟ್ಟ ಸೀರೆ. ಬೆಳಗಾವಿ, ವಿಜಯಪುರದ ಮದುವೆಗಳನ್ನೆಲ್ಲ ಮುಗಿಸಿ ಮಡಿಕೆ ಬಿಚ್ಚದೆ ತವರಿಗೆ ಮರಳಿತ್ತು. ರಾಯರ ವಿದ್ಯೆ ಉಪಯೋಗಕ್ಕೆ ಬಂದದ್ದನ್ನು ನಾನು ಕಣ್ಣಾರೆ ಕಂಡದ್ದು ಆಗಲೇ, ಒಪ್ಪಲೇಬೇಕು.

ಮರುವಾರ ಹೋದಾಗ ರಾಯರು ಆ ಸೀರೆಯ ಪ್ರಯಾಣವನ್ನು ಊರೂರು ಸಹಿತ ಓದಿ ಹೇಳುತ್ತಿದ್ದರು. ವೈನಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು.

“ಅಲ್ರೀ, ಆ ಹಸರ ಸೀರಿ ಹೇಳಾಕತ್ತೀರೇನು? ಅದನ್ನ ನಿನ್ನೆ ನಿಮ್ಮ ಅಕ್ಕಾರಿಗೆ ಕೊರಿಯರ್ ಮಾಡೀನಿ. ಅವರ ಅರವತ್ತನೇ ವರ್ಷದ ಶಾಂತಿ ಅದ ಅಲ್ಲಾ?”

ರಾಯರು ಕನ್ನಡಕ ಮೇಲಕ್ಕೇರಿಸಿ ಕೀಲಿಮಣೆ ಹತ್ತಿರಕ್ಕೆ ಎಳೆದುಕೊಂಡರು.

“ರಸೀದಿ ಎಲ್ಲದ? ತಾರೀಖು ಬೇಕು.”