ಶ್ರೀಯುತ ಫೇಲ್‌ಓವರ್ ಅವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಫೈಬರ್ ಲೈನು ಕೈಕೊಟ್ಟಾಗ ರೌಟರು ತಾನಾಗಿಯೇ 4ಜಿ ಡಾಂಗಲಿಗೆ ಹಾರುವ ಏರ್ಪಾಡಿಗೆ ಫೇಲ್‌ಓವರ್ ಎಂದು ಹೆಸರು. 2020ರ ನವೆಂಬರಿನಲ್ಲಿ ದೂರಸಂಪರ್ಕ ಇಲಾಖೆ ನಿಯಮ ಸಡಿಲಿಸಿದ ಮೇಲೆ ಕಾಲ್ ಸೆಂಟರಿನ ಕೆಲಸ ಮಲೆನಾಡಿನ ಜಗಲಿಗೂ ಬರಲು ದಾರಿಯಾಯಿತು; ಅಲ್ಲಿ ಶ್ರೀಯುತರಿಗೆ ಆಪದ್ಬಾಂಧವನ ಪಟ್ಟ. ಪಟ್ಟಕ್ಕೆ ಆಧಾರ ರೌಟರಿನ ಹಸಿರು ದೀಪ.

ಶ್ರೀಯುತರ ಪರೀಕ್ಷೆಯೂ ಸುಲಭದ್ದೇ. ರೌಟರಿಗೆ ಚುಚ್ಚಿದ ವೈರು ಕಿತ್ತರೆ ಸಾಕು, ತಕ್ಷಣ ಎದ್ದು ನಿಲ್ಲುತ್ತಾರೆ. ಆದರೆ ಫೈಬರು ತುಂಡಾಗುವುದು ಬೀದಿಯಾಚೆ, ಮರ ಬಿದ್ದ ಕಡೆ. ಲೈನು ಬದುಕಿದೆಯೇ ಎಂದು ರೌಟರು ವಿಚಾರಿಸುವ ಪಿಂಗ್ ಹೋಗುತ್ತಿರುವುದು ಪಕ್ಕದ ಮೋಡೆಮ್ಮಿಗಾದರೆ ಅದು 'ನಾನಿದ್ದೀನಿ' ಎನ್ನುತ್ತಲೇ ಇರುತ್ತದೆ. ಶ್ರೀಯುತರ ನಿದ್ದೆಗೆ ಭಂಗವಿಲ್ಲ. ಪಿಂಗಿನ ಗುರಿ 8.8.8.8ರಂಥ ದೂರದ ವಿಳಾಸವಾಗಿರಬೇಕು. ಪರೀಕ್ಷೆಗೆ ಕೀಳಬೇಕಾದದ್ದು ಮೋಡೆಮ್ಮಿನ ಹಿಂದಿನ ಫೈಬರು, ಅದೂ ಕರೆ ನಡೆಯುತ್ತಿರುವಾಗ.

ಎದ್ದ ಮೇಲಿನ ಕಥೆಯೇ ಸ್ವಾರಸ್ಯದ್ದು. ಲೈನು ಬದಲಾದರೆ ಐಪಿ ವಿಳಾಸವೂ ಬದಲು. ಆ ಸುದ್ದಿಯನ್ನು ಇಂಟರ್ನೆಟ್ ಫೋನಿನ ಸರ್ವರಿಗೆ ಮುಟ್ಟಿಸುವುದು ಶ್ರೀಯುತರ ಕರ್ತವ್ಯದ ಪಟ್ಟಿಯಲ್ಲಿಲ್ಲ. ಸರ್ವರಿನಲ್ಲಿ ಫೋನಿನ ವಿಳಾಸದ ನೋಂದಣಿಯ ಅವಧಿಯನ್ನು 3600 ಸೆಕೆಂಡಿಗೆ ಇಟ್ಟಿದ್ದರೆ, ಫೋನು ಮತ್ತೆ ನೋಂದಾಯಿಸಿಕೊಳ್ಳುವ ತನಕ ಕರೆಗಳೆಲ್ಲ ಖಾಲಿ ಮಾಡಿದ ಹಳೆ ಮನೆಯ ಬಾಗಿಲು ಬಡಿಯುತ್ತಿರುತ್ತವೆ. ಈ ಕಡೆ ಮೇಲ್ ಬರುತ್ತಿದೆ, ಕ್ರಿಕೆಟ್ ಸ್ಕೋರೂ ಬರುತ್ತಿದೆ, ಫೋನೊಂದೇ ಮೌನ. ಗಿರಾಕಿಗಳು ಇವತ್ತು ತೃಪ್ತರಾಗಿದ್ದಾರೆಂದು ಉದ್ಯೋಗಿ ಕಾಫಿಗೆ ಏಳುತ್ತಾನೆ. ಅವಧಿಯನ್ನು 60–120 ಸೆಕೆಂಡಿಗೆ ಇಳಿಸಿದರೆ ಕಾಫಿಗೆ ಅಷ್ಟು ಹೊತ್ತು ಸಿಗದು. ಮಾತು ಒಂದೇ ಕಡೆ ಕೇಳಿಸುತ್ತಿದ್ದರೆ ಮೊದಲು ಆಫ್ ಮಾಡಿ ನೋಡಬೇಕಾದದ್ದು ರೌಟರಿನ ಸಿಪ್ ಎಎಲ್‌ಜಿ. ಸಹಾಯಕ್ಕೆಂದೇ ಇಟ್ಟ ಈ ಸೌಲಭ್ಯ ವಿಳಾಸ ತಿದ್ದಲು ಹೋಗಿ ಕೆಡಿಸುವುದೇ ಹೆಚ್ಚು.

ಸ್ಪೀಡ್ ಟೆಸ್ಟಿನ ಸ್ಕ್ರೀನ್‌ಶಾಟು ಇಲ್ಲಿ ಉಪಯೋಗಕ್ಕಿಲ್ಲ. ಜಿ.711 ಕೋಡೆಕ್ಕಿನ ಕರೆಯೊಂದಕ್ಕೆ ಬೇಕಾದದ್ದು ಸುಮಾರು 87 ಕೆಬಿಪಿಎಸ್ ಮಾತ್ರ. ಮಾತು ಕೆಡುವುದು ಪ್ಯಾಕೆಟ್ಟುಗಳು ತಡವಾಗಿ, ಹೊತ್ತುಗೊತ್ತಿಲ್ಲದೆ ಬಂದಾಗ.

ಎಲ್ಲಕ್ಕಿಂತ ಘನವಾದದ್ದು ಶ್ರೀಯುತರ ಕರ್ತವ್ಯನಿಷ್ಠೆ. ಫೈಬರು ಮರಳಿದ ಮರುಕ್ಷಣವೇ, ಸುಸ್ಥಿತಿಯಲ್ಲಿದ್ದ ಕರೆಯನ್ನು ಕತ್ತರಿಸಿಯಾದರೂ ಹಳೆ ಲೈನಿಗೆ ಹಿಂದಿರುಗುತ್ತಾರೆ. ಫೈಬರು ಕಣ್ಣುಮುಚ್ಚಾಲೆ ಆಡುವ ಮಳೆಗಾಲದ ಮಧ್ಯಾಹ್ನ ಇದು ಗಂಟೆಗೆ ಹತ್ತು ಸಲವಾದರೂ ಬೇಸರಿಸುವವರಲ್ಲ. ಹಿಂದಿರುಗುವ ಮುನ್ನ ಐದಾರು ನಿಮಿಷ ಕಾಯಿಸುವ ಸೆಟ್ಟಿಂಗು ಹಲವು ರೌಟರುಗಳಲ್ಲಿದೆ. ಅಲ್ಲಿಗೆ ಕೈ ಹೋಗುವುದು ಅಪರೂಪ.

ಕರೆಂಟು ಹೋದರೆ ಎರಡು ಲೈನೂ ಒಟ್ಟಿಗೇ ಸಾಯುತ್ತವೆ, ಏಕೆಂದರೆ ಯುಪಿಎಸ್ ಇರುವುದು ಲ್ಯಾಪ್‌ಟಾಪಿನ ಪಕ್ಕ, ರೌಟರಿನ ಪಕ್ಕವಲ್ಲ. ಅಂಥ ಹೊತ್ತಿಗೆ, ಫೋನು ಉತ್ತರಿಸದಿದ್ದರೆ ಕರೆಯನ್ನು ಉದ್ಯೋಗಿಯ ಮೊಬೈಲಿಗೆ ತಿರುಗಿಸುವಂತೆ ಸರ್ವರಿನಲ್ಲೇ ಹೇಳಿಡಬಹುದು. ಅದಕ್ಕೆ ಶ್ರೀಯುತರ ಅಪ್ಪಣೆ ಬೇಕಿಲ್ಲ.

ಇತಿ,
ಇನ್ನೂ ಹೋಲ್ಡಿನಲ್ಲಿರುವ ಗಿರಾಕಿ